ತಂತಿಗಳ ನಡುವೆ ಒಂದು ರಾತ್ರಿ

ನಮ್ಮ ಮನೆತನದಲ್ಲಿ ಗೊರಕೆಯನ್ನು ರೋಗವೆಂದು ಯಾರೂ ಎಣಿಸಿದವರಲ್ಲ. ತೀರ್ಥರೂಪರ ಗೊರಕೆ ಅಂಗಳ ದಾಟಿ ಹಟ್ಟಿಯವರೆಗೆ ಕೇಳಿಸುತ್ತಿತ್ತು. ನಾವದನ್ನು ಗಾಢನಿದ್ರೆಯ ಲಕ್ಷಣವೆಂದೇ ನಂಬಿದ್ದೆವು. ಆದುದರಿಂದ ನನ್ನ ಪತ್ನಿ, "ನಿಮ್ಮ ಗೊರಕೆಗೆ ನನಗೆ ಹೆದರಿಕೆಯಿಲ್ಲ, ಅದು ನಿಂತಾಗ ಹೆದರಿಕೆ" ಎಂದು ಎರಡು ವರ್ಷಗಳಿಂದ ಹೇಳುತ್ತಿದ್ದರೂ ನಾನು ಕಿವಿಗೊಡಲಿಲ್ಲ. ನನ್ನ ಉಸಿರು ಮರಳುವವರೆಗೆ ಆಕೆ ಕತ್ತಲಲ್ಲಿ ಎದ್ದು ಕುಳಿತು ಅಂಕೆ ಎಣಿಸುತ್ತಿದ್ದಳಂತೆ. ಕಳೆದ ಮಳೆಗಾಲದ ಒಂದು ಸಂಜೆ ಶಾಲೆಯಿಂದ ಮರಳುವಾಗ ಸ್ಕೂಟರಿನ ಮೇಲೆಯೇ ಕಣ್ಣು ಮುಚ್ಚಿಹೋಗಿ ಚರಂಡಿಗಿಳಿದೆ. ನನ್ನ ಮೊಣಕಾಲು ತರಚಿತು, ಅಷ್ಟೆ. ಆದರೆ ಹಿಂದೆ ಮಗಳು ಕುಳಿತಿದ್ದಳು. ಅವಳಿಗೇನೂ ಆಗಲಿಲ್ಲವೆಂಬುದನ್ನು ನೆನೆದರೆ ಇಂದಿಗೂ ಕೈ ನಡುಗುತ್ತದೆ.

ಕಾಸರಗೋಡಿನ ನಮಗೆ ದೊಡ್ಡ ಆಸ್ಪತ್ರೆಯೆಂದರೆ ಮಂಗಳೂರೇ. ತಲೆಗೆ ಎಣ್ಣೆ ಹಚ್ಚಬಾರದು, ಮಧ್ಯಾಹ್ನದ ಮೇಲೆ ಚಹಾ ಕುಡಿಯಬಾರದು ಎಂದು ಮೊದಲೇ ಸೂಚನೆಯಿತ್ತು. ಮೂವತ್ತು ವರ್ಷ ತಪ್ಪದ ನಾಲ್ಕು ಗಂಟೆಯ ಚಹಾವನ್ನು ಬಿಟ್ಟದ್ದೇ ನನ್ನ ಮೊದಲ ಪರೀಕ್ಷೆ.

ರಾತ್ರಿ ಒಂಬತ್ತಕ್ಕೆ ನನ್ನ ಶಿಷ್ಯರ ಪ್ರಾಯದ ತರುಣನೊಬ್ಬ ಬಂದು, "ಮಾಷ್ಟ್ರೇ, ಸ್ವಲ್ಪ ಅಲುಗಾಡದೆ ಕುಳಿತುಕೊಳ್ಳಿ" ಎಂದ. ಜೀವಮಾನವಿಡೀ ಮಕ್ಕಳಿಗೆ ನಾನು ಹೇಳಿದ ಮಾತು! ನೆತ್ತಿ, ಕಣ್ಣಿನ ಅಂಚು, ಗಲ್ಲ, ಎದೆ, ಕಾಲುಗಳಿಗೆಲ್ಲ ಅಂಟು ಹಚ್ಚಿ ತಂತಿಗಳನ್ನು ಜೋಡಿಸಿದ. ಎದೆಗೂ ಹೊಟ್ಟೆಗೂ ಒಂದೊಂದು ಪಟ್ಟಿ, ಮೂಗಿಗೆ ಕೊಳವೆ, ರಕ್ತದ ಆಮ್ಲಜನಕವನ್ನು ಅಳೆಯಲು ಬೆರಳಿಗೆ ಚಿಮುಟದಂಥದೊಂದು. ಮನುಷ್ಯನ ಮೆದುಳಿನ ವಿದ್ಯುತ್ತರಂಗಗಳನ್ನು 1924ರಲ್ಲಿ ಹಾನ್ಸ್ ಬರ್ಗರ್ ಮೊದಲು ದಾಖಲಿಸಿದನೆಂದು ಎಲ್ಲೋ ಓದಿದ್ದೆ; ಅದು ನನ್ನ ನೆತ್ತಿಗೇ ಬಂದೀತೆಂದು ಊಹಿಸಿರಲಿಲ್ಲ. ಕನ್ನಡಿಯಲ್ಲಿ ನೋಡಿಕೊಂಡರೆ ಚೌಕಿಯಲ್ಲಿ ವೇಷ ಕಟ್ಟಿಸಿಕೊಂಡವನಂತೆ ಕಂಡೆ. ಆ ವೇಷಕ್ಕೆ ಕುಣಿಯುವ ಕೆಲಸ, ನನಗೆ ಮಲಗುವ ಕೆಲಸ. ಮೇಲಿನಿಂದ ಕ್ಯಾಮರಾ ನೋಡುತ್ತಿರುವಾಗ ಮಲಗುವುದು ಕುಣಿತಕ್ಕಿಂತ ಸುಲಭವೇನಲ್ಲ.

ನಡುರಾತ್ರಿ ಮೂತ್ರಶಂಕೆಯಾಯಿತು. ಮಾಡಿನತ್ತ ನೋಡಿ ಸಂಕೋಚದಿಂದ ಕರೆದೆ. ತರುಣ ಬಂದು ತಂತಿಗಳ ಪೆಟ್ಟಿಗೆಯನ್ನು ಬಿಡಿಸಿ ನನ್ನ ಕೈಗಿತ್ತ. ಅದನ್ನು ಹಸುಗೂಸಿನಂತೆ ಎತ್ತಿಕೊಂಡು ಹೋಗಿ ಬಂದೆ. ಬೆಳಿಗ್ಗೆ, "ನನಗೆ ನಿದ್ದೆಯೇ ಬರಲಿಲ್ಲ, ಪರೀಕ್ಷೆ ವ್ಯರ್ಥವಾಯಿತು" ಎಂದೆ. ಅವನು ನಕ್ಕ. ಐದು ಗಂಟೆ ನಿದ್ರಿಸಿದ್ದೆನಂತೆ.

ವಾರದ ಬಳಿಕ ವೈದ್ಯರು ವಿವರಿಸಿದರು. ನಿದ್ದೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲಗೊಂಡು ಉಸಿರಿನ ದಾರಿ ಮುಚ್ಚುತ್ತದೆ, ಮೆದುಳು ಬೆಚ್ಚಿ ಎಚ್ಚರಿಸುತ್ತದೆ, ನಮಗದು ನೆನಪುಳಿಯುವುದಿಲ್ಲ. ಹತ್ತು ಸೆಕೆಂಡಿಗೂ ಮಿಕ್ಕಿದ ಇಂಥ ತಡೆಗಳು ಗಂಟೆಗೆ ಮೂವತ್ತಾದರೆ ತೀವ್ರವೆಂದು ಲೆಕ್ಕ. ನನ್ನದು ಮೂವತ್ತೆಂಟು. ಗಣಿತ ಕಲಿಸುವವನಲ್ಲವೇ, ಮನಸ್ಸು ತಾನಾಗಿ ಗುಣಿಸಿತು: ಒಂದೇ ರಾತ್ರಿಯಲ್ಲಿ ನೂರ ತೊಂಬತ್ತು ಸಲ. ಅತಿ ದೀರ್ಘವಾದದ್ದು ಐವತ್ತೆರಡು ಸೆಕೆಂಡು. ಪಕ್ಕದಲ್ಲಿದ್ದ ಪತ್ನಿ, "ನಾನು ಐವತ್ತರವರೆಗೆ ಎಣಿಸಿದ್ದುಂಟು" ಎಂದಳು. ನನಗೆ ತಲೆಯೆತ್ತಲಾಗಲಿಲ್ಲ. ಮುಖವಾಡದ ಮೂಲಕ ಗಾಳಿಯನ್ನು ಒತ್ತಿ ಆ ದಾರಿಯನ್ನು ತೆರೆದಿಡುವ ಯಂತ್ರವನ್ನು ಈಗ ಬಳಸುತ್ತಿದ್ದೇನೆ. ಆಸ್ಟ್ರೇಲಿಯಾದ ಕಾಲಿನ್ ಸಲಿವನ್ ಈ ಚಿಕಿತ್ಸೆಯನ್ನು 1981ರಲ್ಲಿ ಪ್ರಕಟಿಸಿದರಂತೆ.

ಹೊರಡುವಾಗ, ಮಕ್ಕಳಿಗೂ ಇದು ಬರುತ್ತದೆಯೇ ಎಂದು ಸುಮ್ಮನೆ ಕೇಳಿದೆ. "ಬರುತ್ತದೆ. ಹೆಚ್ಚಾಗಿ ಟಾನ್ಸಿಲ್, ಅಡಿನಾಯ್ಡ್ ಊದಿಕೊಂಡು. ಬಾಯಿ ತೆರೆದು ಮಲಗುತ್ತಾರೆ, ತರಗತಿಯಲ್ಲಿ ಗಮನವಿರುವುದಿಲ್ಲ" ಎಂದರು ವೈದ್ಯರು. ನನಗೆ ನಾಲ್ಕನೆಯ ತರಗತಿಯ ಹುಡುಗನೊಬ್ಬ ನೆನಪಾದ. ಎರಡನೆಯ ಪೀರಿಯಡಿಗೇ ಬಾಯ್ದೆರೆದು ತೂಕಡಿಸುವವನು. ಸೋಮಾರಿಯೆಂದು ಅವನನ್ನು ನಾನು ಎಷ್ಟು ಸಲ ಬೆಂಚಿನ ಮೇಲೆ ನಿಲ್ಲಿಸಿಲ್ಲ! ಶಿಕ್ಷಕ ತರಬೇತಿಯಲ್ಲಿ ನಾವು ಓದಿದ ಮನಶ್ಶಾಸ್ತ್ರದಲ್ಲಿ ಅವಧಾನದ ಕುರಿತು ಒಂದು ಅಧ್ಯಾಯವೇ ಇತ್ತು, ನಿದ್ದೆಯ ಕುರಿತು ಒಂದು ಸಾಲೂ ಇದ್ದ ನೆನಪಿಲ್ಲ.

ಮರುದಿನವೇ ಅವನ ಮನೆಗೆ ಹೋದೆ. "ಮುದುಕರ ಹಾಗೆ ಗೊರಕೆ ಹೊಡೆಯುತ್ತಾನೆ ಮಾಷ್ಟ್ರೇ, ನಾವು ನಗುವುದು" ಎಂದಳು ತಾಯಿ. ತಂದೆ ಕೂಲಿ ಬಿಟ್ಟು ಬರುವಂತಿಲ್ಲ. ಈ ಶನಿವಾರ ಕಿವಿ-ಮೂಗು-ಗಂಟಲಿನ ವೈದ್ಯರಲ್ಲಿಗೆ ತಾಯಿ ಮಗನನ್ನು ನಾನೇ ಕರೆದೊಯ್ಯುವುದೆಂದಾಗಿದೆ. ಹುಡುಗನಿಗೆ ಬಸ್ಸಿನಲ್ಲಿ ಕಿಟಕಿಯ ಬದಿಯೇ ಬೇಕಂತೆ.