ಗಡಿನಾಡಿನ ವಿದ್ಯಾರ್ಥಿಯೂ ಇಂಗ್ಲಿಷ್ ಪ್ಯಾರಾಗ್ರಾಫೂ

ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ, ಬದಿಯಡ್ಕ, ಪೆರ್ಲ ಮೊದಲಾದ ಕಡೆಗಳಲ್ಲಿ ಕನ್ನಡ ಮಾಧ್ಯಮದಲ್ಲಿ ಓದುವ ಮಕ್ಕಳು ಮನೆಯಲ್ಲಿ ತುಳು, ಹವ್ಯಕ ಕನ್ನಡ, ಕೊಂಕಣಿ, ಮರಾಠಿ ಅಥವಾ ಬ್ಯಾರಿಯನ್ನು ಆಡಿ, ತರಗತಿಯಲ್ಲಿ ಶಿಷ್ಟ ಕನ್ನಡವನ್ನು ಬರೆದು, ಬಸ್ಸಿನ ಫಲಕವನ್ನೂ ಕಚೇರಿಯ ನಮೂನೆಗಳನ್ನೂ ಮಲೆಯಾಳದಲ್ಲಿ ಓದುತ್ತಾರೆ. ಅದುವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಕಾಸರಗೋಡು ತಾಲೂಕು 1956ರ ನವೆಂಬರ್ 1ರಂದು ಕೇರಳದ ಭಾಗವಾದ ಮೇಲೆ, ಮೊದಲೇ ಬಹುಭಾಷಿಕವಾಗಿದ್ದ ಈ ಬದುಕಿಗೆ ಆಡಳಿತದ ಮಲೆಯಾಳವೂ ಸೇರಿಕೊಂಡಿತು. ಹತ್ತನೆಯ ತರಗತಿಯ ವರೆಗೆ ವಿಜ್ಞಾನ, ಚರಿತ್ರೆಗಳನ್ನು ಕನ್ನಡದಲ್ಲಿ ಓದಿದ ಮಕ್ಕಳು ಪ್ಲಸ್ ಟು ಮತ್ತು ಪದವಿಯ ಹಂತಕ್ಕೆ ಬಂದು ಇಂಗ್ಲಿಷಿನಲ್ಲಿ ಉತ್ತರ ಬರೆಯಬೇಕಾದಾಗ, ಅವರ ತೊಡಕಿಗೆ ವ್ಯಾಕರಣವೇ ಕಾರಣವೆಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಆದರೆ ಕಾಲರೂಪಗಳೂ ಕಾಗುಣಿತವೂ ಸರಿಯಿದ್ದ ಎಷ್ಟೋ ಉತ್ತರಗಳು ವಾದವಾಗಿ ನಿಲ್ಲುವುದಿಲ್ಲ. ಏಕೆಂದರೆ ಅವುಗಳಲ್ಲಿ ವಾಕ್ಯಗಳಿರುತ್ತವೆಯೇ ಹೊರತು ಪ್ಯಾರಾಗಳಿರುವುದಿಲ್ಲ.

ಪ್ಯಾರಾ ಎಂದರೆ ಪುಟದ ಮೇಲೆ ಸಾಲು ಮುರಿದು ತೋರಿಸುವ ತುಂಡು ಮಾತ್ರವಲ್ಲ, ಒಂದೇ ವಿಚಾರವನ್ನು ಮುಂದಿಟ್ಟು, ವಿವರಿಸಿ, ಆಧಾರ ಕೊಟ್ಟು ಮುಗಿಸುವ ಘಟಕ. ಸ್ಕಾಟ್ಲೆಂಡಿನ ಅಬರ್ಡೀನಿನ ವಿದ್ವಾಂಸ ಅಲೆಕ್ಸಾಂಡರ್ ಬೇನ್ 1866ರಲ್ಲಿ ಪ್ರಕಟಿಸಿದ ರಚನಾಶಾಸ್ತ್ರದ ಗ್ರಂಥದಲ್ಲಿ ಇದರ ನಿಯಮಗಳನ್ನು ಕ್ರಮವಾಗಿ ನಿರೂಪಿಸಿದನು: ಮೊದಲ ವಾಕ್ಯ ವಿಷಯವನ್ನು ಸೂಚಿಸಬೇಕು, ಪ್ರತಿಯೊಂದು ವಾಕ್ಯಕ್ಕೂ ಹಿಂದಿನದರೊಡನೆ ಇರುವ ಸಂಬಂಧ ಸ್ಪಷ್ಟವಾಗಿರಬೇಕು, ವಿಷಯವನ್ನು ಬಿಟ್ಟು ಹೊರಹೋಗುವ ಮಾತಿಗೆ ಅಲ್ಲಿ ಎಡೆಯಿರಬಾರದು. ಇಂದು ಟಾಪಿಕ್ ಸೆಂಟೆನ್ಸ್ ಎಂದು ಶಾಲೆಗಳಲ್ಲಿ ಹೇಳಿಕೊಡುವ ಪ್ರತಿಪಾದನ ವಾಕ್ಯ, ಅಂದರೆ ಆ ಪ್ಯಾರಾ ಸಾಧಿಸಹೊರಟಿರುವ ಮಾತನ್ನು ಮೊದಲಿಗೇ ತಿಳಿಸುವ ವಾಕ್ಯ, ಈ ಪರಂಪರೆಯಲ್ಲಿಯೇ ನೆಲೆಗೊಂಡಿತು.

ಕನ್ನಡ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. 'ಅಗೆದು', 'ಹರಿದು', 'ತುಂಬಿ' ಎಂಬಂಥ ಕೃದಂತಗಳು, ಎಂದರೆ ಕ್ರಿಯೆಯನ್ನು ಸೂಚಿಸಿಯೂ ವಾಕ್ಯವನ್ನು ಮುಗಿಸದೆ ಮುಂದಿನ ಕ್ರಿಯೆಗೆ ಒಯ್ಯುವ ರೂಪಗಳು, ಸರಣಿಯಾಗಿ ಬಂದು ಕಡೆಯಲ್ಲಿ ಮುಖ್ಯವಾದ ಮಾತನ್ನು ತಲುಪಿಸುತ್ತವೆ. ಇದು ಭಾಷೆಯ ಶಕ್ತಿಯೇ ಹೌದು. ಆದರೆ ಅದೇ ಕ್ರಮವನ್ನು ಇಡೀ ಪ್ಯಾರಾಕ್ಕೆ ಹಬ್ಬಿಸಿ ಇಂಗ್ಲಿಷಿನಲ್ಲಿ ಬರೆದಾಗ, ಕಾರಣಗಳೆಲ್ಲ ಮೊದಲು ಬಂದು ನಿಲುವು ಕಟ್ಟಕಡೆಗೆ ಉಳಿಯುತ್ತದೆ, ಅದುವರೆಗಿನ ಸಂಗತಿಗಳು ಯಾವುದಕ್ಕಾಗಿ ಬಂದವೆಂಬುದು ಓದುವವರಿಗೆ ತಿಳಿಯುವುದಿಲ್ಲ.

ಈ ಸೀಮೆಯದೇ ಆದ ಸುರಂಗವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಮುರಕಲ್ಲಿನ ಗುಡ್ಡದ ಬದಿಯಲ್ಲಿ ಒಳಮುಖವಾಗಿ ಅಡ್ಡಲಾಗಿ ಕೊರೆದ ಈ ಜಲಮಾರ್ಗದಲ್ಲಿ ಒಸರುವ ನೀರು ಪಂಪಿನ ನೆರವಿಲ್ಲದೆ ತಾನಾಗಿ ಹೊರಗೆ ಹರಿದು, ಮನೆಗೂ ಅಡಿಕೆ ತೋಟಕ್ಕೂ ಒದಗುತ್ತದೆ. ಇದನ್ನು ಕುರಿತು ಇಂಗ್ಲಿಷಿನಲ್ಲಿ ಬರೆಯುವ ವಿದ್ಯಾರ್ಥಿಗಳು ಸಾಮಾನ್ಯವಾಗಿ ನೀರು ಜೀವಕ್ಕೆ ಆಧಾರವೆಂದು ತೊಡಗಿ, ಜಿಲ್ಲೆಯ ಮಳೆ, ಗುಡ್ಡ, ಕೃಷಿ ಎಲ್ಲವನ್ನೂ ಹೇಳಿ, ಕೊನೆಯಲ್ಲಿ ಸುರಂಗಗಳನ್ನು ಉಳಿಸಬೇಕೆಂದು ಮುಗಿಸುತ್ತಾರೆ. ಅದೇ ಪ್ಯಾರಾ 'ಇಳಿಜಾರಿನ ಕೃಷಿಕರಿಗೆ ಸುರಂಗ ಇಂಧನದ ಖರ್ಚಿಲ್ಲದ ನೀರಿನ ಮೂಲ' ಎಂಬ ನಿಲುವಿನಿಂದ ಆರಂಭವಾದರೆ, ಎರಡನೆಯ ವಾಕ್ಯದಲ್ಲಿ ಅದರ ರಚನೆಯೂ ಮೂರನೆಯದರಲ್ಲಿ ನೀರು ತಾನಾಗಿ ಹರಿಯುವ ಕಾರಣವೂ ನಾಲ್ಕನೆಯದರಲ್ಲಿ ಒಂದು ತೋಟದ ನಿದರ್ಶನವೂ ಬರಬೇಕೆಂದು ಆ ನಿಲುವೇ ಗೊತ್ತುಪಡಿಸುತ್ತದೆ. ಜಿಲ್ಲೆಯ ಮಳೆಯ ವರ್ಣನೆ ಅಲ್ಲಿ ಬೇಕೇ ಬೇಡವೇ ಎಂಬುದನ್ನೂ ಅದೇ ತೀರ್ಮಾನಿಸುತ್ತದೆ.

ವಾಕ್ಯಗಳ ನಡುವಿನ ಬೆಸುಗೆಗೆ 'ಹೌಎವರ್', 'ದೇರ್‌ಫೋರ್', 'ಮೋರೋವರ್' ಎಂಬ ಪದಗಳ ಪಟ್ಟಿಯನ್ನು ಬಾಯಿಪಾಠ ಮಾಡಿಸುವ ರೂಢಿಯಿದೆ. ವಿರೋಧವಿಲ್ಲದೆಡೆ 'ಹೌಎವರ್' ಬಂದರೆ, ಕಾರಣವಿಲ್ಲದೆಡೆ 'ದೇರ್‌ಫೋರ್' ಬಂದರೆ ಬೆಸುಗೆಯ ತೋರಿಕೆ ಮಾತ್ರ ಉಳಿಯುತ್ತದೆ. ಓದುವವರಿಗೆ ಆಗಲೇ ತಿಳಿದಿರುವ ಸಂಗತಿಯಿಂದ ವಾಕ್ಯವನ್ನು ಆರಂಭಿಸಿ ಹೊಸ ಸಂಗತಿಯನ್ನು ಅದರ ಕೊನೆಗೆ ಇಡುವುದು ಹೆಚ್ಚು ಭದ್ರವಾದ ಉಪಾಯ: ಒಂದು ವಾಕ್ಯ ಮುರಕಲ್ಲಿನಲ್ಲಿ ಮುಗಿದರೆ ಮುಂದಿನದು ಆ ಕಲ್ಲಿನ ಗುಣದಿಂದ ತೊಡಗಬಹುದು. ಪ್ರಬಂಧದಲ್ಲಿಯೂ ಇದೇ ನ್ಯಾಯ. ಪ್ರತಿಯೊಂದು ಪ್ಯಾರಾದ ಮೊದಲ ವಾಕ್ಯವನ್ನಷ್ಟೇ ಆಯ್ದು ಸಾಲಾಗಿ ಬರೆದಾಗ ವಾದದ ಸಾರಾಂಶ ದೊರೆಯುವಂತಿದ್ದರೆ ಪ್ರಬಂಧ ಸರಿಯಾಗಿ ನಿಂತಿದೆಯೆಂದು ಅರ್ಥ; ದೊರೆಯದಿದ್ದರೆ ತಿದ್ದಬೇಕಾದುದು ವಿಚಾರದ ಕ್ರಮವನ್ನು. ಗೈಡಿನ ಪ್ರಬಂಧವನ್ನು ಉರುಹೊಡೆದವರಿಗೆ ಈ ಪರೀಕ್ಷೆ ಒದಗುವುದಿಲ್ಲ, ಏಕೆಂದರೆ ಆ ಕ್ರಮ ಅವರದಲ್ಲ.

ಭಾಷೆಗಳ ಈ ವ್ಯತ್ಯಾಸವನ್ನು ಬುದ್ಧಿಯ ವ್ಯತ್ಯಾಸವೆಂದು ತಿಳಿಯಬಾರದು. ಅಮೆರಿಕದ ಭಾಷಾವಿದ್ವಾಂಸ ರಾಬರ್ಟ್ ಕಪ್ಲನ್ 1966ರಲ್ಲಿ ಇಂಗ್ಲಿಷ್ ಬರಹವನ್ನು ನೇರಗೆರೆಯಾಗಿಯೂ ಪೌರಸ್ತ್ಯರ ಬರಹವನ್ನು ಸುರುಳಿಯಾಗಿಯೂ ಚಿತ್ರಿಸಿದಾಗ, ರೂಢಿಯ ಭೇದವನ್ನು ಆಲೋಚನೆಯ ಭೇದವಾಗಿ ಕಾಣುವ ಅಪಾಯವನ್ನು ಮುಂದಿನ ವಿದ್ವಾಂಸರು ಎತ್ತಿ ತೋರಿಸಿದರು. ಕಪ್ಲನನ ಚಿತ್ರಕ್ಕಿಂತ ಉಪಯುಕ್ತವಾದುದು ದ್ವಿಭಾಷಾ ಶಿಕ್ಷಣದ ವಿದ್ವಾಂಸ ಜಿಮ್ ಕಮಿನ್ಸ್ 1979ರಲ್ಲಿ ಮಂಡಿಸಿದ ಪರಸ್ಪರಾವಲಂಬನ ಸಿದ್ಧಾಂತ: ಮೊದಲ ಭಾಷೆಯಲ್ಲಿ ಗಳಿಸಿದ ಓದುಬರಹದ ಸಾಮರ್ಥ್ಯ, ಎರಡನೆಯ ಭಾಷೆಯ ಸಾಕಷ್ಟು ಪರಿಚಯವೂ ಕಲಿಯುವ ಪ್ರೇರಣೆಯೂ ಇದ್ದರೆ, ಅದಕ್ಕೂ ದಾಟಿಬರುತ್ತದೆ. ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಸಂಶೋಧನ ಲೇಖನಗಳನ್ನು ಬರೆದ ಮಂಜೇಶ್ವರದ ಗೋವಿಂದ ಪೈ (1883–1963) ಈ ನೆಲದವರೇ ಎಂಬುದನ್ನು ಇಲ್ಲಿಯ ಶಾಲೆಗಳು ಜಯಂತಿಯ ದಿನದ ಆಚೆಗೂ ನೆನೆಯಬೇಕಾಗಿದೆ.

ಆದ್ದರಿಂದ ಗಡಿನಾಡಿನಲ್ಲಿ ಒಳ್ಳೆಯ ಇಂಗ್ಲಿಷ್ ಪ್ಯಾರಾದ ಪಾಠ ಕನ್ನಡ ತರಗತಿಯಲ್ಲಿಯೇ ಆರಂಭವಾಗಬೇಕು. ಕನ್ನಡ ಅಧ್ಯಾಪಕರೂ ಇಂಗ್ಲಿಷ್ ಅಧ್ಯಾಪಕರೂ ಒಂದೇ ವಿಷಯವನ್ನು ಕೊಟ್ಟು, ನಿಲುವು, ವಿವರಣೆ, ನಿದರ್ಶನ ಎಂಬ ಒಂದೇ ಅಳತೆಯಿಂದ ಎರಡೂ ಬರಹಗಳನ್ನು ತಿದ್ದಿದರೆ, ಒಂದು ಭಾಷೆಯ ಅಭ್ಯಾಸ ಇನ್ನೊಂದಕ್ಕೆ ಬಲವಾಗುತ್ತದೆ. ಸಂವಿಧಾನದ 350ನೆಯ ವಿಧಿಯು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಹವಾಲು ಸಲ್ಲಿಸುವ ಹಕ್ಕನ್ನು ಪ್ರತಿಯೊಬ್ಬರಿಗೂ ಕೊಟ್ಟಿದೆ. ಆದರೆ ಕುಂದುಕೊರತೆಯನ್ನು ಕಾರಣಸಹಿತವಾಗಿ, ಆಧಾರಸಹಿತವಾಗಿ ಜೋಡಿಸಬಲ್ಲವರ ಅಹವಾಲಿಗೇ ಬಲ ಹೆಚ್ಚು. ಶಾಲೆಯ ಮುಂದೆ ಬಸ್ಸು ನಿಲ್ಲಿಸಬೇಕೆಂಬ ಮನವಿಯಾಗಲಿ ಪದವಿ ಪರೀಕ್ಷೆಯ ಉತ್ತರವಾಗಲಿ, ನಿಲುವಿಗೆ ಕಾರಣ ಕೊಟ್ಟು ಬರೆಯಬಲ್ಲ ವಿದ್ಯಾರ್ಥಿ ಯಾವ ಭಾಷೆಯ ಕಚೇರಿಯ ಮುಂದೆಯೂ ಅಳುಕದೆ ನಿಲ್ಲಬಹುದು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಶಾಲೆ ಕೊಡಬೇಕಾದ ಸಾಮರ್ಥ್ಯಗಳಲ್ಲಿ ಇದಕ್ಕೆ ಮೊದಲ ಸ್ಥಾನ ಸಲ್ಲಬೇಕು.