ಸವೆದ ಪ್ಲೇಟು

ನಮ್ಮ ಅಪ್ಪ ಮಿರಜ ಜಂಕ್ಷನ್ನಿನಲ್ಲಿ ರೈಲ್ವೆ ಗುಮಾಸ್ತರಾಗಿದ್ದರು. ಪಗಾರದ ದಿನ ಬೇರೆಯವರು ಮನೆಗೆ ಮಿಠಾಯಿ ಒಯ್ದರೆ, ಅಪ್ಪ ಸಾಂಗಲಿಯ ಹಳೆಯ ಸಾಮಾನಿನ ಅಂಗಡಿಯಿಂದ ಗ್ರಾಮಫೋನ್ ಪ್ಲೇಟು ತರುತ್ತಿದ್ದರು. ಅವ್ವ ಗೊಣಗುತ್ತಿದ್ದಳು. ಆದರೆ ಗಂಗೂಬಾಯಿ ಹಾನಗಲ್ಲರ ಹಳೆಯ ಪ್ಲೇಟು ಹಚ್ಚಿದರೆ ಸಾಕು, ರೊಟ್ಟಿ ಬಡಿಯುವ ಸಪ್ಪಳ ನಿಲ್ಲುತ್ತಿತ್ತು. ಗಂಗೂಬಾಯಿಯವರ ಧ್ವನಿ ಗಡುಸಾಗುವುದಕ್ಕಿಂತ ಮುಂಚಿನ, ಎಳೆಯ ಕಂಠದ ಪ್ಲೇಟು ಅದು.

ಅಪ್ಪನಿಗೆ ಎಲ್ಲರಿಗಿಂತ ಮೇಲೆ ಉಸ್ತಾದ್ ಅಬ್ದುಲ್ ಕರೀಂ ಖಾನರು. ಉತ್ತರದ ಕೈರಾನಾದಲ್ಲಿ ಹುಟ್ಟಿ ನಮ್ಮ ಮಿರಜದಲ್ಲಿ ನೆಲೆಸಿದವರು. ಕುಂದಗೋಳದ ಸವಾಯಿ ಗಂಧರ್ವರಿಗೆ ಗುರುಗಳು. 1937ರಲ್ಲಿ ಪುದುಚೇರಿಗೆ ಹೊರಟಾಗ ದಾರಿಯಲ್ಲಿ ಮೈಗೆ ಹುಷಾರಿಲ್ಲದಂತಾಗಿ ಸಿಂಗಪೆರುಮಾಳ್ ಕೋಯಿಲ್ ಎಂಬ ಸಣ್ಣ ಸ್ಟೇಷನ್ನಿನಲ್ಲಿ ಇಳಿದರು. ಪ್ಲಾಟ್‌ಫಾರ್ಮಿನ ಮೇಲೆಯೇ ಪ್ರಾಣ ಬಿಟ್ಟರು. ಅವರ ಸಮಾಧಿ ಮಿರಜದ ಮೀರಾಸಾಹೇಬ ದರ್ಗಾದ ಆವರಣದಲ್ಲಿದೆ. ರೈಲ್ವೆಯವರಾದ ಅಪ್ಪ ಈ ಕಥೆಯನ್ನು ತಮ್ಮದೇ ಸ್ಟೇಷನ್ನಿನಲ್ಲಿ ನಡೆದಂತೆ ಹೇಳುತ್ತಿದ್ದರು.

ಖಾನರ ಝಿಂಝೋಟಿ ರಾಗದ ಠುಮ್ರಿಯ ಪ್ಲೇಟು ನಮ್ಮ ಮನೆಯ ಆಸ್ತಿ. ಗದಗಿನ ಅಂಗಡಿಯಲ್ಲಿ ಇದೇ ಹಾಡನ್ನು ಕೇಳಿದ ಭೀಮಸೇನ ಜೋಶಿಯವರು 1933ರಲ್ಲಿ, 11ನೆಯ ವಯಸ್ಸಿಗೆ, ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟು ಓಡಿದರು.

ನಮ್ಮ ಪಕ್ಕದ ಮನೆಯವರು ಸಿತಾರ್ ತಯಾರಕರು. 2024ರಲ್ಲಿ ಮಿರಜದ ಸಿತಾರ್ ಮತ್ತು ತಂಬೂರಿಗೆ ಭೌಗೋಳಿಕ ಸೂಚಿ ಮಾನ್ಯತೆ ಸಿಕ್ಕಿತಲ್ಲ, ಆ ಕಸುಬು ಅವರದು. ಅವರಿಗೂ ಅಪ್ಪನಿಗೂ ದಿನಾ ವಾದ. "ಪ್ಲೇಟಿನ್ಯಾಗ ತಂಬೂರಿ ಎಲ್ಲಿ ಕೇಳಸ್ತದ್ರಿ? ತಂಬೂರಿ ಇಲ್ಲದ್ದು ಹಾಡೇನ್ರಿ?" ಎಂದು ಅವರು. "ಇಡೀ ರಾತ್ರಿ ಹಾಡೋ ಮನಷ್ಯಾ ಮೂರೂವರಿ ನಿಮಿಷದಾಗ ಹಾಡ್ಯಾನ. ಎಲ್ಲರೆ ಅವಸರ ಅದ ಏನು, ಹೇಳ್ರಿ!" ಎಂದು ಅಪ್ಪ. ನನಗೆ ಇಬ್ಬರೂ ಸರಿ ಎನಿಸುತ್ತದೆ. ಪ್ಲೇಟಿನಲ್ಲಿ ಸಿಗುವುದು ಪೂರ್ತಿ ಕಛೇರಿಯಲ್ಲ. ಆದರೆ ಆ ಮೂರೂವರೆ ನಿಮಿಷದಲ್ಲಿ ಒಂದೂ ವ್ಯರ್ಥ ಸ್ವರವಿಲ್ಲ. ಭಾನುವಾರದ ಪ್ರಬೋಧನೆ ಉದ್ದವಾದಾಗಲೆಲ್ಲ ನನಗೆ ಖಾನರ ನೆನಪಾಗುತ್ತದೆ!

ಓದುಗರೇ, ಇನ್ನು ನನ್ನ ತಪ್ಪಿನ ಮಾತು. ಆ ಪ್ಲೇಟುಗಳಿಗೆ ಉಕ್ಕಿನ ಪಿನ್ನು. ಒಂದು ಪಿನ್ನು ಒಂದೇ ಮಗ್ಗುಲಿಗೆ, ಆಮೇಲೆ ಎಸೆಯಬೇಕು. ಅರಗಿನ ಜೊತೆ ಕಲ್ಲಿನ ಪುಡಿ ಬೆರೆಸಿದ ಪ್ಲೇಟು ಪಿನ್ನಿನ ಮೊನೆಯನ್ನು ಸವೆಸುತ್ತದೆ. ಸವೆದ ಪಿನ್ನನ್ನು ಮತ್ತೆ ಹಚ್ಚಿದರೆ ಅದು ಉಳಿಯಂತೆ ಪ್ಲೇಟಿನ ಗೆರೆಯನ್ನೇ ಕೆತ್ತುತ್ತದೆ. ಅಪ್ಪ ಹೊಸ ಪಿನ್ನುಗಳನ್ನು ಎಣಿಸಿ ಇಡುತ್ತಿದ್ದರು. ಹನ್ನೆರಡು ವರ್ಷದ ನಾನು ಅವರು ಡ್ಯೂಟಿಗೆ ಹೋದಾಗ ಎಸೆದ ಪಿನ್ನುಗಳನ್ನೇ ಹೆಕ್ಕಿ ಆ ಝಿಂಝೋಟಿಯನ್ನು ಬೇಸಿಗೆ ರಜೆಯೆಲ್ಲ ಕೇಳಿದೆ. ರಜೆ ಮುಗಿಯುವಷ್ಟರಲ್ಲಿ ತಾರಸ್ಥಾಯಿಯಲ್ಲಿ ಖಾನರ ಕಂಠ ಬಿರಿದು ಕರಕರ ಎನ್ನತೊಡಗಿತು.

ಒಂದು ಸಂಜೆ ಅಪ್ಪ ಆ ಪ್ಲೇಟು ಹಚ್ಚಿದರು. ಅರ್ಧಕ್ಕೇ ಎತ್ತಿ, ಬೆಳಕಿಗೆ ಹಿಡಿದು ನೋಡಿ, ಚೀಲಕ್ಕೆ ಹಾಕಿದರು. ಏನೂ ಅನ್ನಲಿಲ್ಲ. ಮರುದಿನದಿಂದ ಹೊಸ ಪಿನ್ನಿನ ಡಬ್ಬಿ ಮುಚ್ಚಳ ತೆಗೆದೇ ಇರುತ್ತಿತ್ತು. ಎಣಿಸುವುದನ್ನೂ ಅವರು ಬಿಟ್ಟರು.

ಮುಂದೆ ನಾನು ಗುರುಮಠ ಸೇರಿದೆ, ಗುರುವಾದೆ. ಎಷ್ಟೋ ಜನರ ಪಾಪನಿವೇದನೆ ಕೇಳಿದ ನಾನು ಅಪ್ಪನ ಮುಂದೆ ಇದೊಂದನ್ನು ನಿವೇದಿಸಲೇ ಇಲ್ಲ. ರಜೆಗೆ ಹೋದಾಗಲೆಲ್ಲ ನಾಲಿಗೆಯ ತುದಿಗೆ ಬಂದು ನಿಲ್ಲುತ್ತಿತ್ತು. ಹೋದ ವರ್ಷ ಅಪ್ಪ ತೀರಿಕೊಂಡರು.

ತಮ್ಮನಿಗೆ ಮಗಳ ಕಾಲೇಜು ಫೀಜು ಕಟ್ಟಬೇಕಿತ್ತು. ಪ್ಲೇಟುಗಳನ್ನು ಮಾರೋಣವೇ ಎಂದು ಅಳುಕುತ್ತ ಕೇಳಿದ. ಹೂಂ ಎಂದೆ, ಮೊಮ್ಮಗಳ ಓದಿಗಾದರೆ ಅಪ್ಪ ಬೇಡ ಎನ್ನುತ್ತಿರಲಿಲ್ಲ. ಪುಣೆಯಿಂದ ಬಂದ ಸಂಗ್ರಾಹಕರು ಒಂದೊಂದನ್ನೇ ಬೆಳಕಿಗೆ ಹಿಡಿದು ಆರಿಸಿದರು. ಝಿಂಝೋಟಿಯನ್ನು ನೋಡಿ, "ಇದು ಪೂರ್ತಿ ಸವೆದಿದೆ ಫಾದರ್, ಬೆಲೆಯಿಲ್ಲ" ಎಂದು ಬದಿಗಿಟ್ಟರು. ನಿಜವೇ. ಆ ಹಾಡು ಇಂದು ಮೊಬೈಲಿನಲ್ಲಿ ಇದಕ್ಕಿಂತ ಸ್ವಚ್ಛವಾಗಿ ಸಿಗುತ್ತದೆ. ಆದರೂ ಅದನ್ನು ಯಾರಿಗೂ ಕೊಡಲು ನನಗೆ ಮನಸ್ಸಾಗಲಿಲ್ಲ.

ಅವರು ಹೋದ ಮೇಲೆ ತಮ್ಮನಿಗೆ ಎಲ್ಲವನ್ನೂ ಹೇಳಿಬಿಟ್ಟೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ನಕ್ಕ. "ಅಣ್ಣಾ, ನೀ ಸಾಲಿಗೆ ಹೋದಾಗ ಹಳೇ ಪಿನ್ ಹಚ್ಚಿ ನಾನೂ ಅದನ್ನ ಕೇಳತಿದ್ದೆ. ಅಪ್ಪ ಡಬ್ಬಿ ತೆರೆದಿಟ್ಟದ್ದು ನನ್ನ ಸಲುವಾಗಿ ಅಂತ ಇಷ್ಟು ವರ್ಷ ತಿಳಕೊಂಡಿದ್ದೆ."

ಪ್ಲೇಟು ಈಗ ನನ್ನ ಕೋಣೆಯಲ್ಲಿದೆ. ತಮ್ಮ ಬಂದಾಗ ಹೊಸ ಪಿನ್ನು ಹಾಕಿ ಇಬ್ಬರೂ ಕೇಳುತ್ತೇವೆ.