ಉತ್ಪನ್ನ ಎಷ್ಟು?

ನಮ್ಮ ಜತ್ ತಾಲೂಕಿನ ಪೂರ್ವ ಭಾಗದ ಹಳ್ಳಿಗಳಲ್ಲಿ ಮನಿಯೊಳಗೆ ಕನ್ನಡ, ಕಚೇರಿಯೊಳಗೆ ಮರಾಠಿ. ಇದರಿಂದ ಬಹಳ ಸಲ ನಗು ಬರ್ತದ, ಕೆಲವು ಸಲ ಹೊಟ್ಟಿಗೇ ಕುತ್ತು ಬರ್ತದ. ನಾನು ಬರೆಯೋದು ಹೊಟ್ಟಿಯ ಮಾತು.

2025ರ ಏಪ್ರಿಲ್, ಮೇ ತಿಂಗಳಲ್ಲಿ ಮಹಾರಾಷ್ಟ್ರ ಸರಕಾರದವರು ಅಪಾತ್ರ ಶಿಧಾಪತ್ರಿಕೆ ಹುಡುಕುವ ಕೆಲಸ ಹಚ್ಚಿದರು. ಶಿಧಾಪತ್ರಿಕೆ ಅಂದರೆ ನಮ್ಮ ರೇಶನ್ ಕಾರ್ಡು. ಊರಾಗ ಗುಲ್ಲೋ ಗುಲ್ಲು. "ಹಿಂದೆ ತಿಂದದ್ದಕ್ಕೂ ಬಾಜಾರ ದರ ಹಚ್ಚಿ ವಸೂಲು ಮಾಡ್ತಾರಂತ" ಅಂತ ಒಬ್ಬ ಅಂದ. ಕಟ್ಟಿ ಮ್ಯಾಲ ಕೂತವರೆಲ್ಲಾ ಬೆರಳು ಮಡಚಿ ಲೆಕ್ಕಾ ಹಾಕಿದರು. ಮನಿಯಾಗ ನಾಲ್ಕು ಮಂದಿ, ತಲಿಗೆ 5 ಕಿಲೋ, ತಿಂಗಳಿಗೆ 20, ವರ್ಷಕ್ಕೆ 240 ಕಿಲೋ. ಅಷ್ಟು ಧಾನ್ಯದ ರೊಕ್ಕ ಒಮ್ಮೆಲೆ ಕೊಡು ಅಂದರೆ ಎಲ್ಲಿಂದ ತರೂದು?

ಕಾರ್ಡಿನ ಬಣ್ಣ ಎಲ್ಲರಿಗೂ ಗೊತ್ತು: ಹಳದಿ, ಕೇಸರಿ, ಬಿಳಿ. ವರ್ಷದ ಉತ್ಪನ್ನ ಒಂದು ಲಕ್ಷ ದಾಟಿದರೆ ಬಿಳಿ. ಆದರೆ ಕೇಸರಿ ಇದ್ದವರಿಗೆಲ್ಲಾ ಧಾನ್ಯ ಸಿಗೂದಿಲ್ಲ ಅನ್ನೋದು ಬಹಳ ಮಂದಿಗೆ ಗೊತ್ತಿಲ್ಲ. ಅನ್ನ ಸುರಕ್ಷಾ ಕಾಯ್ದೆ ನಮ್ಮ ರಾಜ್ಯದಾಗ 2014ರಲ್ಲಿ ಶುರುವಾದಾಗ ಹಳ್ಳಿಯವರಿಗೆ 44,000, ಶಹರದವರಿಗೆ 59,000 ಅಂತ ಗೆರಿ ಎಳೆದರು. ಅದರ ಒಳಗಿದ್ದ ಕೇಸರಿಗೆ ಮಾತ್ರ ಧಾನ್ಯ. 2014ರ ಎಣ್ಣಿ ದರ ಎಲ್ಲಿ, ಇವತ್ತಿನ ದರ ಎಲ್ಲಿ. ಗೆರಿ ಮಾತ್ರ ಇದ್ದಲ್ಲೇ ಅದ.

ಈಗ ಭಾಷಾದ ಮಾತು. ಕಾಗದದ ಮ್ಯಾಲ "ವಾರ್ಷಿಕ ಉತ್ಪನ್ನ" ಅಂತ ಇರ್ತದ. ಮರಾಠಿ ಕಚೇರಿಯಾಗ ಅದಕ್ಕ ಆದಾಯ ಅಂತ ಅರ್ಥ. ನಾವು ಕನ್ನಡ ಸಾಲಿ ಕಲಿತವರು, ಉತ್ಪನ್ನ ಅಂದರೆ ಬೆಳೆದದ್ದು ಅಂತ ತಿಳಿದವರು. ನಮ್ಮ ಓಣಿಯ ಹುಡುಗ ಒಬ್ಬ, ನನಗ ಕಾಕಾ ಅಂತಾನ, ದಾಳಿಂಬಿ ಮಾರಿದ್ದು 1,40,000 ಅಂತ ಇದ್ದದ್ದು ಇದ್ದಂಗ ಹೇಳಿ ಬಂದ. ಖರೇ ಹೇಳಿದ, ಖರೇನೇ ಅವನ ಕುತ್ತಿಗಿಗೆ ಬಂತು. ಕಾರ್ಡು ರದ್ದಾಗ್ತದ ಅಂತ ಸುದ್ದಿ ಕೇಳಿ ವಾಚನಾಲಯಕ್ಕ ಓಡಿ ಬಂದ.

"ತಮ್ಮಾ, ಬಿಲ್ಲು ಇಟ್ಟೀಯೇನು?" ಅಂದೆ. ಪುಣ್ಯಕ್ಕ ಅವನ ಹೆಂಡತಿ ಎಲ್ಲಾ ಒಂದು ಚೀಲದಾಗ ತುಂಬಿಟ್ಟಿದ್ದಳು. ಇಬ್ಬರೂ ಕೂತು ಬರೆದೆವು. ಗೊಬ್ಬರ, ಔಷಧ 58,000. ಟ್ಯಾಂಕರ್ ನೀರು 27,000. ಕೂಲಿ 16,000. ಕಳೆದ ಮ್ಯಾಲ ಉಳಿದದ್ದು 39,000. ಟ್ಯಾಂಕರ್‌ದವನ ಚೀಟಿ ಮಾತ್ರ ಇರಲಿಲ್ಲ, ಅವ ಎಂದು ಚೀಟಿ ಕೊಟ್ಟಾನ? ಅವನ ಕಡಿಂದ ಹೊಸದಾಗಿ ಬರೆಸಿ ಸಹಿ ಮಾಡಿಸಿಕೊಂಡೆವು. ಮರುದಿನ ತಲಾಠಿಯವರ ಮುಂದೆ ಚೀಲ ಸುರುವಿದಾಗ ಅವರು ಒಂದೊಂದೇ ಬಿಲ್ಲು ತಿರುವಿ ನೋಡಿದರು, ಬೈಲಿಲ್ಲ. ದಾಖಲೆ ಕೊಡೋದು ತಹಶೀಲ್ದಾರ ಕಚೇರಿ, ಆದರೆ ತಲಾಠಿಯವರ ವರದಿ ಮ್ಯಾಲೇ ಅದು ನಿಲ್ತದ. ಅವನ ಧಾನ್ಯ ಉಳೀತು.

ಹಂಗಂತ ತಪಾಸಣೆನೇ ಬ್ಯಾಡ ಅನ್ನೋವ ನಾನಲ್ಲ. ಎರಡು ಅಂತಸ್ತಿನ ಮನಿ, ಬಾಗಿಲಿಗೆ ಕಾರು, ಪಗಾರದ ಮಗ ಇದ್ದವರೂ ಸಾಲಿನಾಗ ನಿಂತು ಹೆಬ್ಬೆಟ್ಟು ಒತ್ತೋದು ನಾನೇ ನೋಡೀನಿ. ಅವರ ಹಿಂದೆ ಹೆಸರೇ ಸೇರದ ವಿಧವಾ ಮುದುಕಿ ಖಾಲಿ ಚೀಲ ಹಿಡಿದು ನಿಂತಿರ್ತಾಳ. ಅಲ್ಲಿ ತಪಾಸಣೆ ಆಗಲೇಬೇಕು.

ಇನ್ನು ನನ್ನ ಪಾಳಿ. ನಾನು ಮೂವತ್ತು ವರ್ಷ ಡೊಳ್ಳಿನ ಪದ ಹಾಡಿದವ. ರಾತ್ರಿಯೆಲ್ಲಾ ಹಾಡಿದರೆ ಊಟ, ಒಂದು ಟಾವೆಲ್, ತೆಂಗಿನಕಾಯಿ, ಮ್ಯಾಲ ನಾಲ್ಕು ನೋಟು. ಅದನ್ನ ಆರು ಮಂದಿ ಹಂಚಿಕೊಂಡ ಮ್ಯಾಲ ಉತ್ಪನ್ನ ಅನ್ನಾಕ ನಾಚಿಕಿ ಬರ್ತದ. ಆದರೆ ವಯಸ್ಸಾದ ಕಲಾವಿದರಿಗೆ ಸರಕಾರ ಕೊಡೋ ಮಾನಧನ 2024ರಲ್ಲಿ ತಿಂಗಳಿಗೆ 5,000 ಆತು. ನನಗೂ ಬರ್ತದ. ವರ್ಷಕ್ಕೆ 60,000. ಎರಡು ಎಕರೆ ಜ್ವಾಳ ಹಿಡಿಯದೆನೇ ಗೆರಿ ದಾಟಿತು.

ಅರ್ಜಿಯಾಗ "ಇತರ" ಅನ್ನೋ ಕಡೆ ಅದನ್ನ ಬರೆಯೋದು ನೋಡಿ ಮನಿಯಾಕಿ ಪೆನ್ನು ಹಿಡಿದಳು.

"ಏನ್ರೀ, ಹಾಡಿದ್ದಕ್ಕ ರೊಕ್ಕ ಕೊಟ್ಟು ಅಕ್ಕಿ ಕಸಗೋತಾರೇನು? ರೊಕ್ಕ ನಾಲ್ಕು ತಿಂಗಳಿಗೊಮ್ಮೆ ಬಂದರೂ ನಡೀತದ, ಹಸಿವಿ ದಿನಾ ಬರ್ತದ."

ಆಕಿ ಮಾತಿನಾಗ ಸುಳ್ಳಿಲ್ಲ. ಆದರೆ ಹೆಸರು, ಆಧಾರ್, ಬ್ಯಾಂಕು ಎಲ್ಲಾ ಒಂದಕ್ಕೊಂದು ಗಂಟು ಬಿದ್ದಾವ. ಬರೆಯದೆ ಬಿಟ್ಟರೆ ನಾಳೆ ಯಾರೋ ಬಂದು, ಇಷ್ಟು ಕಿಲೋ ಹೆಚ್ಚಿಗೆ ಒಯ್ದೀರಿ ಅಂತ ಮುದುಕನ ಮುಂದೆ ಪಟ್ಟಿ ಇಡಬಾರದು. ಅದಕ್ಕಿಂತ ಹೆಚ್ಚು ಅಂಜಿಕಿ ಬೇರೆ ಇತ್ತು. ನೂರಾರು ಮಂದಿ ಮುಂದೆ ಸತ್ಯದ ಪದ ಹಾಡಾಕ ನಿಲ್ಲಬೇಕಲ್ಲ.

ಬರೆದೆ. ಅರ್ಜಿ ಮುಟ್ಟಿದ್ದಕ್ಕ ತಾರೀಖು ಹಾಕಿಸಿ ಪೋಚ್ ಇಸಕೊಂಡೆ. ಎಲ್ಲರಿಗೂ ಅದನ್ನೇ ಹೇಳ್ತೀನಿ, ಪೋಚ್ ಇಲ್ಲದೆ ಕಚೇರಿ ಬಿಟ್ಟು ಬರಬ್ಯಾಡ್ರಿ. ಕಾರ್ಡು ಕೇಸರಿನೇ ಉಳೀತು, ಧಾನ್ಯ ನಿಂತಿತು. ಮನಿಯಾಕಿ ಎಂಟು ದಿನ ಸರಿಯಾಗಿ ಮಾತಾಡಲಿಲ್ಲ. ಒಂಬತ್ತನೇ ದಿನ ಆಕಿನೇ ಮಗನಿಗೆ ಅಂದಳು, ಈ ಹಿಂಗಾರಿಗೆ ಬದುವಿನ ಆಚೆ ಬೀಳು ಬಿಟ್ಟ ಹೊಲಾನೂ ಹರಗು, ಜ್ವಾಳ ಬಿತ್ತೋಣು.